ಒಂದೇ ದಿನದ ಹಂಗಾಮು: ರೆಡ್ ಸ್ನ್ಯಾಪರ್ ಬೇಟೆಗೆ ಬಾಗಿಲು ಹಾಕಿದ ಪ್ರಕರಣ

2024ರ ಜುಲೈ 12, ಶುಕ್ರವಾರ. ಅಮೆರಿಕದ ಉತ್ತರ ಕ್ಯಾರೊಲೈನಾದಿಂದ ಫ್ಲಾರಿಡಾದ ಪೂರ್ವ ತೀರದವರೆಗಿನ ಅಟ್ಲಾಂಟಿಕ್‌ನಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರು ರೆಡ್ ಸ್ನ್ಯಾಪರ್ ಹಿಡಿದು ಮನೆಗೆ ಒಯ್ಯಲು ಆ ವರ್ಷ ಸಿಕ್ಕಿದ್ದು ಅದೊಂದೇ ದಿನ. ಅದೂ ತಲೆಗೆ ಒಂದೇ ಮೀನು. ಉಳಿದ ದಿನಗಳಲ್ಲಿ ಗಾಳಕ್ಕೆ ಬಿದ್ದ ಸ್ನ್ಯಾಪರನ್ನು ನೀರಿಗೇ ಬಿಡಬೇಕು. ವಿಚಿತ್ರವೆಂದರೆ, ಮೀನು ಕಡಿಮೆಯಾಗಿದೆ ಎಂದು ಆ ಹೊತ್ತಿಗೆ ದೋಣಿಯಲ್ಲಿದ್ದ ಯಾರೂ ಹೇಳುತ್ತಿರಲಿಲ್ಲ. ಬೇರೆ ಮೀನಿಗೆ ಗಾಳ ಇಳಿಸಿದರೂ ಸ್ನ್ಯಾಪರೇ ಬರುತ್ತದೆ ಎಂಬುದೇ ಎಲ್ಲರ ದೂರಾಗಿತ್ತು.

ಮೀನು ಹೆಚ್ಚಿದಷ್ಟೂ ಹಂಗಾಮು ಕುಗ್ಗಿದ್ದು ಏಕೆ? ಈ ಪ್ರಕರಣದ ತಿರುಳು ಇರುವುದು ಅಲ್ಲಿಯೇ.

ಮುಚ್ಚಿದ್ದು ಹೇಗೆ

ರೆಡ್ ಸ್ನ್ಯಾಪರ್ ತಳದಲ್ಲಿ ವಾಸಿಸುವ ಮೀನು. ಕಲ್ಲುಹಾಸು, ಹವಳದ ದಿಬ್ಬ, ಮುಳುಗಿದ ಹಡಗು ಇರುವ ಕಡೆ ಗುಂಪಾಗಿರುತ್ತದೆ. ಜಾಗ ಗೊತ್ತಿದ್ದವರಿಗೆ ಹಿಡಿಯುವುದು ಸುಲಭ, ತಿನ್ನಲು ರುಚಿ. 50 ವರ್ಷಕ್ಕೂ ಹೆಚ್ಚು ಬದುಕಬಲ್ಲದು, ಆದರೆ ಎರಡು-ಮೂರು ವರ್ಷಕ್ಕೇ ಮೊಟ್ಟೆಯಿಡಲು ಶುರುಮಾಡುತ್ತದೆ. ಈ ಎರಡು ಸಂಗತಿಗಳು ಮುಂದಿನ ಜಗಳಕ್ಕೆಲ್ಲ ಮೂಲ. ಬೇಗ ಮೊಟ್ಟೆಯಿಡುವುದರಿಂದ ಮರಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಏರಬಲ್ಲದು. ಆದರೆ ದೊಡ್ಡ ಹೆಣ್ಣು ಮೀನು ಇಡುವ ಮೊಟ್ಟೆಗಳ ರಾಶಿ ಸಣ್ಣದಕ್ಕೆ ಸಾಧ್ಯವಿಲ್ಲ, ಮತ್ತು 20 ವರ್ಷದ ಮೀನು ಬೇಕೆಂದರೆ 20 ವರ್ಷ ಕಾಯಲೇಬೇಕು.

1992ರಿಂದ ಇಲ್ಲಿದ್ದ ನಿಯಮ ಸರಳ: ತಲೆಗೆ ದಿನಕ್ಕೆ ಎರಡು ಮೀನು, ಕನಿಷ್ಠ ಉದ್ದ 20 ಇಂಚು, ಅಂದರೆ ಸುಮಾರು 51 ಸೆಂ.ಮೀ. ಅದು ಸಾಲಲಿಲ್ಲ. 2008ರಲ್ಲಿ ಮುಗಿದ ಮೀನುಸಂಗ್ರಹ ಅಂದಾಜು, ಅಂದರೆ ಸಮುದ್ರದಲ್ಲಿ ಈ ಮೀನು ಎಷ್ಟಿದೆ ಎಂಬ ವಿಜ್ಞಾನಿಗಳ ಲೆಕ್ಕ, ಎರಡು ತೀರ್ಪು ಕೊಟ್ಟಿತು: ಸಂಗ್ರಹ ಕುಸಿದಿದೆ, ಜೊತೆಗೆ ಅತಿಬೇಟೆಯೂ ನಡೆಯುತ್ತಿದೆ. ಇವೆರಡೂ ಒಂದೇ ಅಲ್ಲ. ಮೊದಲನೆಯದು ಹುಂಡಿಯಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕ, ಎರಡನೆಯದು ಯಾವ ವೇಗದಲ್ಲಿ ಖರ್ಚಾಗುತ್ತಿದೆ ಎಂಬುದು. ಹುಂಡಿ ತುಂಬುತ್ತಿರುವಾಗಲೂ ಖರ್ಚಿನ ವೇಗ ಮಿತಿ ಮೀರಿರಬಹುದು. 2021ರ ಅಂದಾಜು ಹೇಳಿದ್ದು ಬಹುಮಟ್ಟಿಗೆ ಅದನ್ನೇ.

ಅಮೆರಿಕದ ಮೀನುಗಾರಿಕೆಯ ಮೂಲ ಕಾನೂನು ಮ್ಯಾಗ್ನಸನ್-ಸ್ಟೀವನ್ಸ್ ಕಾಯ್ದೆ. ಅತಿಬೇಟೆ ಎಂದು ಘೋಷಣೆಯಾದ ಮೇಲೆ ಸುಮ್ಮನಿರಲು ಅದು ಬಿಡುವುದಿಲ್ಲ. ಅತಿಬೇಟೆ ನಿಲ್ಲಿಸಬೇಕು, ವಾರ್ಷಿಕ ಮಿತಿ ಹಾಕಬೇಕು, ಸಂಗ್ರಹ ಕುಸಿದಿದ್ದರೆ ಅದು ಮರಳಿ ತುಂಬುವ ಯೋಜನೆ ಮಾಡಬೇಕು. ಮರುಭರ್ತಿಗೆ ಸಾಮಾನ್ಯ ಗಡುವು 10 ವರ್ಷ, ಮೀನಿನ ಜೀವಕ್ರಮ ಅದಕ್ಕೆ ಒಗ್ಗದಿದ್ದರೆ ಹೆಚ್ಚು. ಈ ಮೀನಿಗೆ ಸಿಕ್ಕಿದ್ದು 35 ವರ್ಷ, 2044ರವರೆಗೆ. ನಿಯಮ ರೂಪಿಸುವುದು ದಕ್ಷಿಣ ಅಟ್ಲಾಂಟಿಕ್ ಮೀನುಗಾರಿಕೆ ನಿರ್ವಹಣಾ ಮಂಡಳಿ, ಜಾರಿಗೆ ತರುವುದು ಕೇಂದ್ರದ ರಾಷ್ಟ್ರೀಯ ಸಾಗರ ಮೀನುಗಾರಿಕೆ ಸೇವೆ. ಅವರ ವ್ಯಾಪ್ತಿ ತೀರದಿಂದ 3 ನಾಟಿಕಲ್ ಮೈಲಿಯಾಚೆಗೆ, 200ರವರೆಗೆ.

2010ರ ಜನವರಿ 4ರಂದು ತಾತ್ಕಾಲಿಕ ಆದೇಶದ ಮೂಲಕ ಬೇಟೆ ಪೂರ್ತಿ ನಿಂತಿತು. ಹವ್ಯಾಸಿಗಳಿಗೂ ಇಲ್ಲ, ವ್ಯಾಪಾರಿ ದೋಣಿಗಳಿಗೂ ಇಲ್ಲ. ವರ್ಷದ ಕೊನೆಗೆ ನಿರ್ವಹಣಾ ಯೋಜನೆಯ 17ಎ ತಿದ್ದುಪಡಿ ಅದನ್ನು ಖಾಯಂ ಮಾಡಿತು.

ಕೈಬಿಟ್ಟ ಅರ್ಧ

17ಎ ತಿದ್ದುಪಡಿಯಲ್ಲಿ ಇನ್ನೊಂದು ಭಾಗವಿತ್ತು. ಅದನ್ನು ಗಮನಿಸದೆ ಮುಂದಿನದು ಅರ್ಥವಾಗುವುದಿಲ್ಲ. ಜಾರ್ಜಿಯಾದ ದಕ್ಷಿಣ ಭಾಗ ಮತ್ತು ಫ್ಲಾರಿಡಾದ ಉತ್ತರ-ಮಧ್ಯ ತೀರದಾಚೆ, 98ರಿಂದ 240 ಅಡಿ ಆಳದ ನಡುವೆ, 4,827 ಚದರ ಮೈಲಿ ಸಮುದ್ರದಲ್ಲಿ ಸ್ನ್ಯಾಪರ್-ಗ್ರೂಪರ್ ಗುಂಪಿನ ಎಲ್ಲ ಮೀನುಗಳ ಬೇಟೆಯನ್ನೂ ನಿಲ್ಲಿಸುವ ಪ್ರಸ್ತಾವ ಅದು. ಕಾರಣ ಸ್ಪಷ್ಟ. ಈ ಗುಂಪಿನ 55 ಜಾತಿಗಳು ಒಂದೇ ಕಲ್ಲುಹಾಸಿನ ಮೇಲೆ, ಒಂದೇ ಬಗೆಯ ಎರೆಗೆ ಬಾಯಿ ಹಾಕುತ್ತವೆ. ವರ್ಮಿಲಿಯನ್ ಸ್ನ್ಯಾಪರ್, ಬ್ಲ್ಯಾಕ್ ಸೀ ಬಾಸ್, ಟ್ರಿಗರ್‌ಫಿಶ್, ಗ್ರೂಪರ್ ಯಾವುದಕ್ಕೆ ಗಾಳ ಇಳಿಸಿದರೂ ಕೊಕ್ಕೆಗೆ ಸಿಗುವುದು ಯಾವುದು ಎಂದು ಮೇಲೆ ಕುಳಿತವರು ನಿರ್ಧರಿಸಲಾರರು.

ವಿರೋಧ ಜೋರಾಗಿತ್ತು. ಬಾಡಿಗೆ ದೋಣಿಯವರ ಇಡೀ ವರ್ಷದ ಸಂಪಾದನೆ ಆ ಆಳದಲ್ಲಿತ್ತು. ಅಷ್ಟರಲ್ಲಿ 2010ರ ಹೊಸ ಅಂದಾಜು ಬಂದು, ಸ್ಥಿತಿ ಹಿಂದೆ ಎಣಿಸಿದಷ್ಟು ಕೆಟ್ಟಿಲ್ಲ ಎಂದಿತು. ಜಾರಿಯ ದಿನಾಂಕ ಮುಂದಕ್ಕೆ ಹೋಗಿ, 2011ರಲ್ಲಿ ಪ್ರದೇಶ ಮುಚ್ಚುವ ನಿಯಮವೇ ರದ್ದಾಯಿತು. ಒಂದು ಜಾತಿಯನ್ನು ಮನೆಗೆ ಒಯ್ಯಬಾರದು ಎಂಬ ಅರ್ಧ ಮಾತ್ರ ಉಳಿಯಿತು. ಆ ಹೊತ್ತಿನ ಅಂಕಿಅಂಶ ಮುಂದಿಟ್ಟುಕೊಂಡರೆ ಅದು ತಪ್ಪು ನಿರ್ಧಾರವೆಂದು ಹೇಳಲಾಗದು. ಆದರೆ ಹದಿನೈದು ವರ್ಷ ಕಾಡಿದ ತೊಡಕು ಹುಟ್ಟಿದ್ದು ಅಲ್ಲೇ. ಹಂಗಾಮು ಮುಚ್ಚುವ ನಿಯಮ ತಡೆಯುವುದು ಮೀನಿನ ಪೆಟ್ಟಿಗೆಯನ್ನು, ಗಾಳವನ್ನಲ್ಲ.

ಆಳದಿಂದ ಮೇಲೆ ಬಂದ ಮೀನಿಗೆ ಏನಾಗುತ್ತದೆ

ಸ್ನ್ಯಾಪರ್‌ನ ಗಾಳಿಚೀಲಕ್ಕೆ ಬಾಯಿಯ ಕಡೆ ತೆರಪಿಲ್ಲ. ಒಳಗಿನ ಅನಿಲ ರಕ್ತದ ಮೂಲಕ ನಿಧಾನವಾಗಿ ಮಾತ್ರ ಹೆಚ್ಚು ಕಡಿಮೆಯಾಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 30 ಮೀಟರ್ ಆಳದಲ್ಲಿ ಒಟ್ಟು ಒತ್ತಡ ನಾಲ್ಕು ಪಟ್ಟು. ಅಲ್ಲಿಂದ ಒಂದು ನಿಮಿಷದಲ್ಲಿ ಮೇಲೆಳೆದರೆ ಅದೇ ಅನಿಲಕ್ಕೆ ನಾಲ್ಕು ಪಟ್ಟು ಜಾಗ ಬೇಕು. ಹೊಟ್ಟೆ ಬಲೂನಿನಂತೆ ಬಿಗಿಯುತ್ತದೆ, ಜಠರ ಮಗುಚಿ ಬಾಯಿಂದ ಹೊರಬರುತ್ತದೆ, ಕಣ್ಣು ಉಬ್ಬುತ್ತದೆ, ಕರುಳು ಗುದದ್ವಾರದಿಂದ ಇಣುಕುತ್ತದೆ. ಹೀಗಾದ ಮೀನನ್ನು ನೀರಿಗೆ ಎಸೆದರೆ ತೇಲುತ್ತದೆ. ಈಜಿ ಕೆಳಗಿಳಿಯಲಾರದು. ಬಿಸಿಲು, ಹಕ್ಕಿ, ಡಾಲ್ಫಿನ್, ಶಾರ್ಕ್‌ಗಳ ಪೈಕಿ ಯಾವುದು ಮೊದಲು ಬರುತ್ತದೋ ಅದಕ್ಕೆ ಬಲಿ. ಈಜಿ ಮರೆಯಾದ ಮೀನೆಲ್ಲ ಬದುಕಿತು ಎಂದೂ ಅಲ್ಲ, ಒಳಗಿನ ಗಾಯದಿಂದ ದಿನಗಳ ನಂತರ ಸಾಯುವುದುಂಟು.

ಲೆಕ್ಕ ಅರ್ಥವಾಗಲು ಒಂದು ಕಲ್ಪಿತ ಉದಾಹರಣೆ. ವರ್ಷಕ್ಕೆ ಒಂದು ಲಕ್ಷ ಸ್ನ್ಯಾಪರ್‌ಗಳನ್ನು ಹಿಡಿದು ಬಿಡುತ್ತಾರೆ, ನೂರರಲ್ಲಿ 25 ಸಾಯುತ್ತವೆ ಎಂದುಕೊಳ್ಳಿ. ಯಾರ ತಟ್ಟೆಗೂ ಬೀಳದೆ ಸತ್ತವು 25,000. ಒಟ್ಟು ಸಾವಿನ ಮಿತಿ 60,000 ಆಗಿದ್ದರೆ ಮನೆಗೆ ಒಯ್ಯಲು 35,000 ಉಳಿಯಿತು. ಸಂಗ್ರಹ ಚೇತರಿಸಿಕೊಂಡು ಗಾಳಕ್ಕೆ ಬೀಳುವ ಮೀನು ಎರಡು ಪಟ್ಟಾದರೆ ಬಿಟ್ಟು ಸತ್ತವು 50,000, ಒಯ್ಯಲು ಉಳಿದದ್ದು 10,000. ಮೀನು ಹೆಚ್ಚಿದರೆ ಮಿತಿಯೂ ಹೆಚ್ಚಬೇಕಲ್ಲವೇ? ಹೆಚ್ಚಬೇಕು. ಆದರೆ ಮಿತಿ ಬದಲಾಗುವುದು ಹೊಸ ಅಂದಾಜು ಬಂದಾಗ. ಅದು ಹಲವು ವರ್ಷಕ್ಕೊಮ್ಮೆ ಬರುತ್ತದೆ, ಅದರೊಳಗಿನ ದತ್ತಾಂಶ ಅದಕ್ಕೂ ಹಳೆಯದು.

ದಿನಗಳ ಪಟ್ಟಿ

ಪೂರ್ತಿ ಮುಚ್ಚಿದ ಎರಡು ವರ್ಷಗಳ ನಂತರ ಹವ್ಯಾಸಿಗಳಿಗೆ ಸಿಕ್ಕ ದಿನಗಳು ಹೀಗಿವೆ: 2012ರಲ್ಲಿ 6, 2013ರಲ್ಲಿ 3, 2014ರಲ್ಲಿ 8, 2015 ಮತ್ತು 2016ರಲ್ಲಿ ಸೊನ್ನೆ, 2017ರಲ್ಲಿ 9, 2018ರಲ್ಲಿ 6, 2019ರಲ್ಲಿ 5, 2020ರಲ್ಲಿ 4, 2021ರಲ್ಲಿ 3, 2022 ಮತ್ತು 2023ರಲ್ಲಿ ತಲಾ 2, 2024ರಲ್ಲಿ 1.

ಈ ಸಾಲನ್ನು ಎರಡು ತುಂಡು ಮಾಡಿ ಓದಬೇಕು. ಮೊದಲ ತುಂಡಿನಲ್ಲಿ ನಿಯಮ ಹೀಗಿತ್ತು: ಹಿಂದಿನ ವರ್ಷ ಒಯ್ದ ಮೀನು ಮತ್ತು ಬಿಟ್ಟು ಸತ್ತ ಮೀನು ಎರಡನ್ನೂ ಕೂಡಿಸಿ, ಮೊತ್ತ ಮಿತಿಯೊಳಗಿದ್ದರೆ ಮಾತ್ರ ಹಂಗಾಮು. 2014 ಮತ್ತು 2015ರ ಮೊತ್ತ ಮಿತಿ ದಾಟಿತು, ಹಾಗಾಗಿ 2015, 2016ರಲ್ಲಿ ಬಾಗಿಲು ತೆರೆಯಲಿಲ್ಲ. 2015ರಲ್ಲಿ ಹಂಗಾಮೇ ಇರಲಿಲ್ಲ ಎಂಬುದನ್ನು ನೆನಪಿಡಿ. ಬೇಟೆ ಮುಚ್ಚಿದ್ದ ವರ್ಷವೂ ಬಿಟ್ಟ ಮೀನಿನ ಸಾವಷ್ಟೇ ಮಿತಿಯನ್ನು ನುಂಗಿತು.

ಎರಡನೇ ತುಂಡಿನಲ್ಲಿ ಪದ್ಧತಿ ಬದಲಾಯಿತು. 2017ರ ಕೊನೆಯಲ್ಲಿ ತುರ್ತು ಆದೇಶದಿಂದ, 2018ರಿಂದ ಖಾಯಂ ಆಗಿ, ಒಯ್ಯುವ ಮೀನಿಗೇ ನೇರ ಮಿತಿ ಬಂತು: ಒಟ್ಟು 42,510 ಮೀನು. ಅದರಲ್ಲಿ ಹವ್ಯಾಸಿಗಳ ಪಾಲು 29,656. ವ್ಯಾಪಾರಿಗಳದ್ದು 1,24,815 ಪೌಂಡ್, ಅಂದರೆ ಸುಮಾರು 56.6 ಟನ್. ಒಂದು ಕಡೆ ಎಣಿಕೆ, ಇನ್ನೊಂದು ಕಡೆ ತೂಕ ಏಕೆಂದರೆ ವ್ಯಾಪಾರಿ ಮೀನು ಮಾರಾಟದ ಕಟ್ಟೆಯಲ್ಲಿ ತಕ್ಕಡಿಗೆ ಬೀಳುತ್ತದೆ, ಹವ್ಯಾಸಿಯದ್ದನ್ನು ಯಾರೂ ತೂಗುವುದಿಲ್ಲ.

ಹವ್ಯಾಸಿಗಳ ದಿನಗಳು 6ರಿಂದ 1ಕ್ಕೆ ಇಳಿದ ಅಷ್ಟೂ ಅವಧಿಯಲ್ಲಿ ಆ 29,656 ಬದಲಾಗಲೇ ಇಲ್ಲ. ಸರ್ಕಾರ ವರ್ಷವರ್ಷವೂ ಬಿಗಿ ಮಾಡುತ್ತಿದೆ ಎಂಬ ಸಾಮಾನ್ಯ ಆರೋಪ ಆದ್ದರಿಂದ ಸರಿಯಲ್ಲ. ಏರಿದ್ದು ಒಂದು ದಿನದ ಹಿಡಿತ. ದಿನಗಳ ಸಂಖ್ಯೆ ಎಂದರೆ ಮಿತಿಯನ್ನು ಒಂದು ದಿನದಲ್ಲಿ ಒಯ್ಯಬಹುದಾದ ಮೀನಿನಿಂದ ಭಾಗಿಸಿದಾಗ ಬರುವ ಅಂಕಿ, ಅಷ್ಟೇ. ಐದು ಜನ ಹತ್ತಿದ ದೋಣಿ ಐದು ಮೀನು ತಂದರೆ, ಮಿತಿ ತುಂಬಲು 6,000 ದೋಣಿಗಳೂ ಬೇಡ. ನಾಲ್ಕು ರಾಜ್ಯಗಳ ತೀರದಲ್ಲಿ ಬೇಸಿಗೆಯ ಶುಕ್ರವಾರ ಅಷ್ಟು ದೋಣಿ ಹೊರಡುವುದು ದೊಡ್ಡ ಮಾತಲ್ಲ, ಅದರಲ್ಲೂ ವರ್ಷಕ್ಕೆ ಇದೊಂದೇ ದಿನ ಎಂದು ಘೋಷಿಸಿದಾಗ. ದಿನ ಕಡಿಮೆ ಮಾಡಿದಷ್ಟೂ ಉಳಿದ ದಿನಕ್ಕೆ ಜನ ಮುಗಿಬೀಳುತ್ತಾರೆ, ಮುಗಿಬಿದ್ದಷ್ಟೂ ಮುಂದಿನ ವರ್ಷ ದಿನ ಕಡಿಮೆಯಾಗುತ್ತದೆ.

ಇದರ ಜೊತೆಗೊಂದು ಅಪಾಯ ಹವಾಮಾನದ್ದು. ವಾರಾಂತ್ಯವಿಡೀ ಗಾಳಿ ಬೀಸಿದರೂ ದಿನಾಂಕ ಬದಲಾಗದು ಎಂದು ಗೊತ್ತಿದ್ದಾಗ ಸಣ್ಣ ದೋಣಿಯವರು ಹೋಗಬಾರದ ಅಲೆಗೆ ಹೋಗುತ್ತಾರೆ. 2017ರ ನವೆಂಬರ್‌ನ ಎರಡು ವಾರಾಂತ್ಯಗಳು ಕೆಟ್ಟ ಹವೆಗೆ ಸಿಕ್ಕಿದ್ದರಿಂದ ಡಿಸೆಂಬರ್‌ನಲ್ಲಿ ಮೂರು ದಿನ ಸೇರಿಸಬೇಕಾಯಿತು. ನಂತರ ಜುಲೈನ ಎರಡನೇ ಶುಕ್ರವಾರದಿಂದ ಆರಂಭ ಎಂದು ನಿಗದಿಯಾಯಿತು. ಕಡಲು ಶಾಂತವಿರುವ ಕಾಲವೇನೋ ಹೌದು. ಈ ಮೀನು ಮೊಟ್ಟೆಯಿಡುವ ತಿಂಗಳುಗಳ ನಟ್ಟನಡುವೆ ಬರುತ್ತದೆ ಎಂಬುದೂ ಹೌದು.

ಮುಂಚೆ ಇನ್ನೊಂದು ಷರತ್ತಿತ್ತು: ಲೆಕ್ಕ ಹಾಕಿದಾಗ ಹಂಗಾಮು ಮೂರು ದಿನ ಅಥವಾ ಅದಕ್ಕಿಂತ ಕಡಿಮೆ ಬಂದರೆ ತೆರೆಯುವುದೇ ಬೇಡ. 2020ರಲ್ಲಿ ಅದನ್ನು ತೆಗೆದುಹಾಕಿದರು. ತೆಗೆಯದಿದ್ದರೆ 2021ರಿಂದ ಹವ್ಯಾಸಿಗಳಿಗೆ ಒಂದು ದಿನವೂ ಇರುತ್ತಿರಲಿಲ್ಲ.

ಕಿರು ಹಂಗಾಮಿನಲ್ಲಿ ಕನಿಷ್ಠ ಉದ್ದದ ನಿಯಮವನ್ನು ಬೇಕೆಂದೇ ಕೈಬಿಟ್ಟಿದ್ದಾರೆ. 20 ಇಂಚಿನ ನಿಯಮ ಇಟ್ಟರೆ ಜನ ಸಣ್ಣದನ್ನು ಬಿಟ್ಟು ದೊಡ್ಡದಕ್ಕಾಗಿ ಮತ್ತೆ ಮತ್ತೆ ಗಾಳ ಇಳಿಸುತ್ತಾರೆ, ಒಂದು ಮೀನು ಪೆಟ್ಟಿಗೆಗೆ ಹೋಗುವಷ್ಟರಲ್ಲಿ ನಾಲ್ಕು ತೇಲಿಹೋಗಿರುತ್ತವೆ. ಸಿಕ್ಕ ಮೊದಲ ಮೀನನ್ನೇ ಇಟ್ಟುಕೊಂಡು ಜಾಗ ಬದಲಿಸಿ ಎಂಬುದು ನಿಯಮದ ಆಶಯ. ಪಾಲಿಸುವುದು ಬಿಡುವುದು ದೋಣಿಯವರ ಮರ್ಜಿ, ದೊಡ್ಡ ಮೀನಿನ ಆಸೆಗೆ ಕಾನೂನಿಲ್ಲ.

ಬಿಡುವ ಮೀನನ್ನು ಉಳಿಸಲು ಮಾಡಿದ್ದು

2020ರ ಜುಲೈ 15ರಿಂದ ಈ ನೀರಿನಲ್ಲಿ ಸ್ನ್ಯಾಪರ್-ಗ್ರೂಪರ್ ಹಿಡಿಯುವ ಪ್ರತಿ ದೋಣಿಯಲ್ಲೂ ಮೀನನ್ನು ಆಳಕ್ಕೆ ಮರಳಿ ಇಳಿಸುವ ಸಾಧನ, ಅಂದರೆ ಡಿಸೆಂಡಿಂಗ್ ಡಿವೈಸ್, ಕೈಗೆಟುಕುವಂತೆ ಸಿದ್ಧವಿರಬೇಕು. ಅದಕ್ಕೆ ಕನಿಷ್ಠ 16 ಔನ್ಸ್ ತೂಕ, ಕನಿಷ್ಠ 60 ಅಡಿ ದಾರ ಕಟ್ಟಿರಬೇಕು. 28 ಡಿಗ್ರಿ ಉತ್ತರ ಅಕ್ಷಾಂಶದ ಮೇಲ್ಭಾಗದಲ್ಲಿ ನೈಸರ್ಗಿಕ ಎರೆ ಬಳಸುವವರು ಓರೆಯಿಲ್ಲದ, ಸ್ಟೇನ್‌ಲೆಸ್ ಅಲ್ಲದ ಸರ್ಕಲ್ ಕೊಕ್ಕೆಯನ್ನೇ ಕಟ್ಟಬೇಕು. ತುದಿ ಒಳಕ್ಕೆ ಬಾಗಿದ ಈ ದುಂಡು ಕೊಕ್ಕೆ ಗಂಟಲಿಗೆ ಇಳಿಯದೆ ದವಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಆದರೆ ಮೀನು ಕಚ್ಚಿದ ಕೂಡಲೇ ಕೋಲನ್ನು ಜಗ್ಗುವ ಹಳೆಯ ಅಭ್ಯಾಸ ಬಿಡಬೇಕು. ಜಗ್ಗಿದರೆ ಕೊಕ್ಕೆ ಹೊರಬಂದುಬಿಡುತ್ತದೆ. ನಿಧಾನಕ್ಕೆ ಸುತ್ತಿಕೊಳ್ಳಬೇಕು. ಸ್ಟೇನ್‌ಲೆಸ್ ಬೇಡವೆನ್ನುವುದು, ದಾರ ಹರಿದು ಕೊಕ್ಕೆ ಬಾಯಲ್ಲೇ ಉಳಿದರೆ ತುಕ್ಕು ಹಿಡಿದು ಉದುರಲಿ ಎಂದು.

ಇಳಿಸುವ ಸಾಧನದಲ್ಲಿ ಮುಖ್ಯವಾಗಿ ಮೂರು ಬಗೆ. ಕೆಳದವಡೆಯನ್ನು ಹಿಡಿದು, ಮೊದಲೇ ಹೊಂದಿಸಿದ ಆಳ ತಲುಪಿದಾಗ ನೀರಿನ ಒತ್ತಡಕ್ಕೆ ತಾನೇ ಬಾಯಿ ಬಿಡುವ ಚಿಮಟ ಒಂದು. ಮುಳ್ಳಿಲ್ಲದ, ತಲೆಕೆಳಗಾದ ತೂಕದ ಕೊಕ್ಕೆ ಇನ್ನೊಂದು: ತಳ ಮುಟ್ಟಿದ ಮೇಲೆ ದಾರವನ್ನು ಒಮ್ಮೆ ಜಗ್ಗಿದರೆ ಮೀನು ಬಿಡುಗಡೆ. ಮೂರನೆಯದು ತೂಕ ಕಟ್ಟಿ ಬೋರಲು ಹಾಕಿದ ಹಾಲಿನ ಕ್ರೇಟಿನಂಥ ಪೆಟ್ಟಿಗೆ. ಒಟ್ಟಿಗೆ ಹಲವು ಮೀನು ಬಿಡುವಾಗ ಇದೇ ಅನುಕೂಲ.

ಎಡವಟ್ಟಾಗುವುದು ಸಾಮಾನ್ಯವಾಗಿ ಮೂರು ಕಡೆ. ಕಾನೂನಿನ 16 ಔನ್ಸ್, ಸುಮಾರು 450 ಗ್ರಾಂ, ಸಣ್ಣ ಮೀನಿಗೆ ಸಾಕು. ಐದಾರು ಕಿಲೋದ ಉಬ್ಬಿದ ಸ್ನ್ಯಾಪರ್ ಅದನ್ನು ಹೊತ್ತುಕೊಂಡೇ ತೇಲುತ್ತದೆ, ಅದಕ್ಕೆ ಒಂದೂವರೆ ಕಿಲೋ ಅಥವಾ ಹೆಚ್ಚು ಬೇಕು. ಎರಡನೆಯದು ಆಳ. 60 ಅಡಿಗೆ ಇಳಿಸಿದರೆ ಒತ್ತಡ ಸುಮಾರು 2.8 ಪಟ್ಟಾಗಿ, ಉಬ್ಬಿದ ಅನಿಲ ಮೂರನೇ ಒಂದರಷ್ಟಕ್ಕೆ ಕುಗ್ಗುತ್ತದೆ, ಮೀನು ತಾನೇ ಈಜಲು ಅಷ್ಟು ಸಾಕಾಗಬಹುದು. ಆದರೂ ಹಿಡಿದ ಆಳದ ಹತ್ತಿರಕ್ಕೆ ಒಯ್ದು ಬಿಟ್ಟರೆ ಮೇಲಿನ ನೀರಿನಲ್ಲಿ ಕಾದಿರುವ ಬೇಟೆಗಾರ ಮೀನುಗಳಿಂದಲೂ ರಕ್ಷಣೆ. ಮೂರನೆಯದು ಸಮಯ. ಸಾಧನ ಚೀಲದ ತಳದಲ್ಲಿದ್ದು, ಮೀನು ಡೆಕ್ಕಿನ ಬಿಸಿಲಲ್ಲಿ ಐದು ನಿಮಿಷ ಒದ್ದಾಡಿದ ಮೇಲೆ ಇಳಿಸುವುದು ಶವಸಂಸ್ಕಾರಕ್ಕೆ ಸಮ. ಗಾಳ ಇಳಿಸುವ ಮೊದಲೇ ಪ್ರತ್ಯೇಕ ಕೋಲಿಗೆ ಅದನ್ನು ಕಟ್ಟಿಟ್ಟುಕೊಂಡಿರಬೇಕು.

ಸೂಜಿ ಚುಚ್ಚಿ ಗಾಳಿ ತೆಗೆಯುವ ಪದ್ಧತಿಯೂ ಇದೆ: ಟೊಳ್ಳು ಸೂಜಿಯನ್ನು ಎದೆರೆಕ್ಕೆಯ ಹಿಂದೆ, ಹುರುಪೆಯ ಅಡಿಯಿಂದ 45 ಡಿಗ್ರಿ ಓರೆಯಲ್ಲಿ ಒಳಹಾಕಬೇಕು. ಬಾಯಿಂದ ಹೊರಬಂದ ಜಠರವನ್ನೇ ಗಾಳಿಚೀಲವೆಂದು ತಿಳಿದು ಚುಚ್ಚುವವರು ಇನ್ನೂ ಇದ್ದಾರೆ. ಕೈಪಳಗದವರು ಸೂಜಿ ಮುಟ್ಟದೆ ಇಳಿಸುವ ಸಾಧನಕ್ಕೇ ಅಂಟಿಕೊಳ್ಳುವುದು ಲೇಸು.

ಇವೆಲ್ಲ ಒಂದೊಂದು ಮೀನಿನ ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಆದರೆ ಬಿಡುವ ಮೀನಿನ ಸಂಖ್ಯೆಯೇ ದೊಡ್ಡದಾಗಿರುವಾಗ, ಸಾಯುವ ಪ್ರಮಾಣ ಇಳಿದರೂ ಒಟ್ಟು ಸಾವು ಏರಬಹುದು. ಮೇಲಾಗಿ ಸಾಧನ ದೋಣಿಯಲ್ಲಿರಬೇಕು ಎನ್ನುತ್ತದೆ ನಿಯಮ, ಬಳಸಲೇಬೇಕು ಎನ್ನುವುದಿಲ್ಲ.

ಎಣಿಸುವವರ ಕಷ್ಟ

ಹವ್ಯಾಸಿಗಳ ಹಿಡಿತವನ್ನು ಅಂದಾಜಿಸುವ ರಾಷ್ಟ್ರೀಯ ಸಮೀಕ್ಷೆ ಈ ವರ್ಷಗಳಲ್ಲಿ ಎರಡೆರಡು ತಿಂಗಳ ಕಂತಿನಲ್ಲಿ ನಡೆಯುತ್ತಿತ್ತು. ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿ ಎಷ್ಟು ಸಲ ಸಮುದ್ರಕ್ಕೆ ಹೋದಿರಿ ಎಂದು ಕೇಳುತ್ತಾರೆ, ದಡದಲ್ಲಿ ಕೆಲವು ದೋಣಿಗಳನ್ನು ನಿಲ್ಲಿಸಿ ಏನು ಸಿಕ್ಕಿತೆಂದು ನೋಡುತ್ತಾರೆ, ಎರಡನ್ನೂ ಗುಣಿಸುತ್ತಾರೆ. ಎರಡು ತಿಂಗಳಿಗಾಗಿ ಹೆಣೆದ ಬಲೆಯಲ್ಲಿ ಎರಡು ದಿನದ ಹಂಗಾಮು ಸಿಕ್ಕಿಬೀಳುವುದು ಅದೃಷ್ಟದ ಮಾತು. ಹಾಗಾಗಿ ಕಿರು ಹಂಗಾಮಿಗೆ ರಾಜ್ಯಗಳು ಬೇರೆಯೇ ಎಣಿಕೆ ನಡೆಸುತ್ತವೆ. ಮಾಂಸ ತೆಗೆದುಳಿದ ಅಸ್ಥಿಪಂಜರವನ್ನು ಹಾಕಿಹೋಗಲು ದೋಣಿ ಕಟ್ಟೆಗಳ ಬಳಿ ಫ್ರೀಜರ್ ಇಡುತ್ತವೆ. ತಲೆಯೊಳಗಿನ ಕಿವಿಗಲ್ಲಿನಲ್ಲಿ ಮರದ ಕಾಂಡದಂತೆ ವರ್ಷಕ್ಕೊಂದು ಬಳೆ ಮೂಡಿರುತ್ತದೆ, ಅದನ್ನು ಕತ್ತರಿಸಿ ಎಣಿಸಿದರೆ ವಯಸ್ಸು.

ಬಿಟ್ಟ ಮೀನಿನ ಲೆಕ್ಕ ಇನ್ನೂ ಸಡಿಲ. ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಹಿಡಿದವರ ನೆನಪೇ ಆಧಾರ. 2023ರಲ್ಲಿ ಸಮೀಕ್ಷೆ ನಡೆಸುವ ಇಲಾಖೆಯೇ ಪ್ರಶ್ನಾವಳಿಯ ಕ್ರಮ ಬದಲಿಸಿ ಪರೀಕ್ಷಿಸಿದಾಗ, ದಡದಿಂದ ಮತ್ತು ಖಾಸಗಿ ದೋಣಿಯಿಂದ ಗಾಳ ಹಾಕಿದ ಸಲಗಳ ಸಂಖ್ಯೆ ಸಾಮಾನ್ಯವಾಗಿ 30ರಿಂದ 40 ಶೇಕಡಾ ಕಡಿಮೆ ಬಂತು. ಪ್ರಶ್ನೆಗಳ ಹಿಂದುಮುಂದು ಮಾತ್ರದಿಂದ ಅಷ್ಟು ಅಂತರ! ವಿಜ್ಞಾನವೇ ಸುಳ್ಳು ಎಂದು ಕೂಗಲು ಕೆಲವರಿಗೆ ಇದು ಸಾಕಾಯಿತು. ಅದು ಅತಿಯಾಯಿತು. ಪ್ರಯತ್ನದ ಅಂಕಿ ತಗ್ಗಿದರೆ ಸತ್ತ ಮೀನಿನ ಅಂಕಿಯೂ ತಗ್ಗುತ್ತದೆ ನಿಜ, ಆದರೆ ಅಷ್ಟು ಬೇಟೆಯನ್ನು ತಾಳಿಕೊಂಡ ಸಂಗ್ರಹದ ಅಂದಾಜೂ ಅದರೊಂದಿಗೆ ತಗ್ಗುತ್ತದೆ.

ಗಾಳದವರು ಮತ್ತು ವಿಜ್ಞಾನಿಗಳ ನಡುವಿನ ಮುಖ್ಯ ಜಗಳ ಎಣಿಕೆಯದ್ದಲ್ಲ, ವಯಸ್ಸಿನದ್ದು. ದೋಣಿಯಿಂದ ನೋಡಿದರೆ ಸಮುದ್ರದ ತುಂಬ ಸ್ನ್ಯಾಪರ್. ಮರುಭರ್ತಿ ಅಳೆಯುವುದು ತಲೆಯೆಣಿಕೆಯಿಂದಲ್ಲ, ಮೊಟ್ಟೆಯಿಡುವ ಒಟ್ಟು ಸಾಮರ್ಥ್ಯದಿಂದ. ಈಗಿರುವ ಗುಂಪಿನಲ್ಲಿ ಹೆಚ್ಚಿನವು ಎಳೆಯವು. ಎರಡು ಕಡೆಯವರೂ ಕಂಡದ್ದನ್ನೇ ಹೇಳುತ್ತಿದ್ದಾರೆ.

ಮತ್ತೆ ಹಳೆಯ ಪ್ರಶ್ನೆಗೆ

ಪಕ್ಕದ ಮೆಕ್ಸಿಕೊ ಕೊಲ್ಲಿಯ ಉದಾಹರಣೆಯನ್ನು ಇಲ್ಲಿನವರು ಪದೇ ಪದೇ ತೆಗೆಯುತ್ತಾರೆ. ಅಲ್ಲೂ 2017ರಲ್ಲಿ ಖಾಸಗಿ ದೋಣಿಗಳಿಗೆ ಕೇಂದ್ರದ ನೀರಿನಲ್ಲಿ ಮೊದಲು ಸಿಕ್ಕಿದ್ದು 3 ದಿನ. ಗಲಾಟೆಯಾದ ಮೇಲೆ 39 ದಿನ ಸೇರಿಸಿದರು. 2020ರಿಂದ ಖಾಸಗಿ ಹವ್ಯಾಸಿಗಳ ಹಂಗಾಮನ್ನು ನಿಗದಿ ಮಾಡುವ ಅಧಿಕಾರ ಐದು ರಾಜ್ಯಗಳಿಗೆ ಹೋಯಿತು, ಎಣಿಕೆಗೆ ಅವುಗಳದ್ದೇ ಸಮೀಕ್ಷೆ. ದಿನಗಳು ಹೆಚ್ಚಿದ್ದು ಹೌದು. ಆದರೆ ಅಧಿಕಾರ ರಾಜ್ಯಕ್ಕೆ ಬಂದ ಮಾತ್ರಕ್ಕೆ ಗಾಳಿಚೀಲ ಉಬ್ಬುವುದು ನಿಲ್ಲದು. ವರ್ಷವಿಡೀ ತಳದ ಮೀನುಗಾರಿಕೆ ತೆರೆದಿರುವ ಅಟ್ಲಾಂಟಿಕ್ ತೀರದಲ್ಲಿ ಬಿಟ್ಟು ಸಾಯುವ ಮೀನಿನ ಲೆಕ್ಕವನ್ನು ಯಾರಾದರೂ ಹೊರಲೇಬೇಕು.

ಅದನ್ನು ಕಡಿಮೆ ಮಾಡಲು ಇರುವ ದಾರಿಗಳು ಕೆಲವೇ. ಒಂದು ದಾರಕ್ಕೆ ಒಂದೇ ಕೊಕ್ಕೆ ಎಂಬ ನಿಯಮ ಸುಲಭದ್ದು, ಲಾಭವೂ ಸಣ್ಣದು. ನಿರ್ದಿಷ್ಟ ಕಾಲ ಅಥವಾ ಪ್ರದೇಶದಲ್ಲಿ 55 ಜಾತಿಗಳನ್ನೂ ಒಟ್ಟಿಗೆ ಮುಚ್ಚುವುದು ಪರಿಣಾಮಕಾರಿ, ರಾಜಕೀಯವಾಗಿ ದುಬಾರಿ. ವ್ಯಾಪಾರಿ ಮೀನುಗಾರರು ಹೂಡಿದ್ದ ಮೊಕದ್ದಮೆಯಲ್ಲಿ 2024ರಲ್ಲಿ ಆದ ರಾಜಿಯ ನಂತರ, ಅತಿಬೇಟೆ ನಿಲ್ಲಿಸಲು ಕೇಂದ್ರವೇ ತಿದ್ದುಪಡಿ ಬರೆಯಬೇಕಾಯಿತು. 2025ರ ಜನವರಿಯ ಕರಡಿನಲ್ಲಿ ಫ್ಲಾರಿಡಾದ ಈಶಾನ್ಯ ತೀರದಾಚೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಗುಂಪಿನ ಬೇಟೆ ನಿಲ್ಲಿಸುವ ಅಂಶವಿತ್ತು. 2011ರಲ್ಲಿ ಕೈಬಿಟ್ಟ ಅರ್ಧದ ಚಿಕ್ಕ ರೂಪ ಅದು. ವಿರೋಧವೂ ಅದೇ ಬಗೆಯದು. ಜೂನ್‌ನ ಅಂತಿಮ ನಿಯಮದಲ್ಲಿ ಅತಿಬೇಟೆ ಅಳೆಯುವ ಮಾನದಂಡವನ್ನೂ ವಾರ್ಷಿಕ ಮಿತಿಯನ್ನೂ ಪರಿಷ್ಕರಿಸಿದರು, ತಳದ ಬೇಟೆ ಮುಚ್ಚುವ ಅಂಶವನ್ನು ಬಿಟ್ಟರು.

ಆ ವರ್ಷದ ಹವ್ಯಾಸಿ ಹಂಗಾಮು ಜುಲೈ 11 ಮತ್ತು 12, ಎರಡು ದಿನ. 13ರ ಬೆಳಿಗ್ಗೆ ಅದೇ ದೋಣಿಗಳು ಅದೇ ಕಲ್ಲುಹಾಸಿನ ಮೇಲೆ ಸೀ ಬಾಸ್‌ಗೆಂದು ಗಾಳ ಇಳಿಸಲು ಅಡ್ಡಿಯೇನೂ ಇರಲಿಲ್ಲ.